ಅವಮಾನದ ಅಧ್ಯಯನ: ಭಯದಿಂದ ಬೀದಿಯವರೆಗೆ

1970ರ ದಶಕದ ಆರಂಭದಲ್ಲಿ ಬಾಸ್ಟನ್ ಸಿಟಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅತ್ಯಾಚಾರಕ್ಕೆ ಒಳಗಾದ ಹೆಂಗಸರು ಬಂದರೆ ಇಬ್ಬರಿಗೆ ಕರೆ ಹೋಗುತ್ತಿತ್ತು. ಒಬ್ಬರು ಶುಶ್ರೂಷಾ ತಜ್ಞೆ ಆ್ಯನ್ ಬರ್ಗೆಸ್, ಇನ್ನೊಬ್ಬರು ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಮ್. 1974ರಲ್ಲಿ ಅವರು ಪ್ರಕಟಿಸಿದ ಲೇಖನ ಅತ್ಯಾಚಾರದ ಆಘಾತ ಕುರಿತ ಅಧ್ಯಯನಕ್ಕೆ ತಳಪಾಯ. ಮನೆ ಬದಲಿಸಿದವರು, ಫೋನ್ ನಂಬರ್ ಬದಲಿಸಿದವರು, ಜನಜಂಗುಳಿಗೆ ಹೆದರಿ ಒಳಗೇ ಉಳಿದವರು ಎಲ್ಲರೂ ಅದರಲ್ಲಿದ್ದಾರೆ. ಅವಮಾನವೂ ಇದೆ, ಆದರೆ ಒಂದು ಮೂಲೆಯಲ್ಲಿ. ಪ್ರಧಾನ ಭಾವನೆ ಜೀವಭಯವೇ ಎಂದು ಇಬ್ಬರೂ ಬರೆದರು.

ಆ ಒತ್ತು ಬಹುಕಾಲ ಉಳಿಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ‘ಪಿಟಿಎಸ್‌ಡಿ’ (ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆ) ಸೇರಿದಾಗ ಅದನ್ನು ಆತಂಕದ ಕಾಯಿಲೆಗಳ ಸಾಲಿನಲ್ಲಿಟ್ಟರು. ಆ ಸೇರ್ಪಡೆಯ ಹಿಂದೆ ವಿಯೆಟ್ನಾಂನಿಂದ ಮರಳಿದ ಸೈನಿಕರ ಹೋರಾಟವಿತ್ತು. ಯುದ್ಧಭೂಮಿಯ ಅಳತೆಗೋಲನ್ನೇ ಅಡುಗೆಮನೆಗೂ ಹಿಡಿದಂತಾಯಿತು ಎನ್ನುವುದು ನನ್ನ ತಕರಾರು.

ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲೇ ಒಂದು ಸೂಕ್ಷ್ಮವನ್ನು ಹೇಳಿದ್ದರು: ತಪ್ಪಿತಸ್ಥ ಭಾವ ಮಾಡಿದ ಕೆಲಸವನ್ನು ದೂರುತ್ತದೆ, ಅವಮಾನ ಇಡೀ ‘ನಾನು’ ಎಂಬುದನ್ನೇ ದೂರುತ್ತದೆ. 1979ರಲ್ಲಿ ರಾನಿ ಜಾನಾಫ್-ಬುಲ್ಮನ್ ಇದಕ್ಕೆ ಹತ್ತಿರದ ಮಾತನ್ನೇ ಆಡಿದರು. ‘ಆ ದಾರಿಯಲ್ಲಿ ಹೋಗಬಾರದಿತ್ತು’ ಎಂದುಕೊಳ್ಳುವವಳಿಗೆ ನಾಳೆ ಬೇರೆ ದಾರಿ ಹಿಡಿಯುವ ಆಸರೆಯಾದರೂ ಇದೆ. ‘ನಾನೇ ಅಂಥವಳು’ ಎನ್ನುವವಳಿಗೆ ಅದೂ ಇಲ್ಲ. ಊಹೆ ಸೊಗಸಾಗಿತ್ತು. ಆದರೆ 1990ರಲ್ಲಿ ಪೆಟ್ರೀಶಿಯಾ ಫ್ರೇಜಿಯರ್ ಪರೀಕ್ಷಿಸಿದಾಗ ಎರಡೂ ಬಗೆಯ ದೂರು ಸಂಕಟದ ಜೊತೆಗೇ ಕಾಣಿಸಿಕೊಂಡವು.

2000ದಲ್ಲಿ ಇಂಗ್ಲೆಂಡಿನ ಬರ್ನಿಸ್ ಆ್ಯಂಡ್ರ್ಯೂಸ್ ತಂಡ ಹಿಂಸೆಗೆ ಒಳಗಾದ 157 ಮಂದಿಯನ್ನು, ಗಂಡಸರೂ ಸೇರಿದಂತೆ, ಒಂದು ತಿಂಗಳೊಳಗೆ ಮಾತನಾಡಿಸಿ, ಆರು ತಿಂಗಳಿಗೆ ಮತ್ತೆ ವಿಚಾರಿಸಿತು. ಯಾರ ಲಕ್ಷಣಗಳು ಉಳಿಯುತ್ತವೆ ಎಂಬುದರ ಸುಳಿವನ್ನು ಕೊಟ್ಟದ್ದು ಕೋಪವಲ್ಲ, ಅವಮಾನ. 2013ರ ಕೈಪಿಡಿ ಪಿಟಿಎಸ್‌ಡಿಯನ್ನು ಆತಂಕದ ಸಾಲಿನಿಂದ ಹೊರತಂದು, ಲಕ್ಷಣಗಳಲ್ಲಿ ಅವಮಾನವನ್ನು ಹೆಸರಿಸಿತು. ಬಾಸ್ಟನ್ ಲೇಖನ ಬಂದು ಅಷ್ಟರಲ್ಲಿ 39 ವರ್ಷ!

ನಮ್ಮ ಉಪಖಂಡದಲ್ಲಿ ಈ ವಿಚಾರವನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ವೈದ್ಯರಿಗಿಂತ ಮಾನವಶಾಸ್ತ್ರಜ್ಞರು, ಇತಿಹಾಸಕಾರರು ಮುಂದಿದ್ದರು. ವಿಭಜನೆಯ ಹೆಂಗಸರ ಬಗ್ಗೆ ಊರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಾಸಿನ್ ಅವರ ಪುಸ್ತಕಗಳು 1998ರಲ್ಲಿ ಬಂದವು. ವಿಷ ಕುಡಿದು ಒಡಲಲ್ಲೇ ಇಟ್ಟುಕೊಂಡೆವು ಎಂಬಂಥ ಮಾತನ್ನು ಮಾನವಶಾಸ್ತ್ರಜ್ಞೆ ವೀಣಾ ದಾಸ್ ಪಂಜಾಬಿ ಮನೆಗಳಲ್ಲಿ ಕೇಳಿದ್ದರು. ಮಾತಿಲ್ಲದಿರುವುದನ್ನು ಅವರು ಕಾಯಿಲೆ ಎನ್ನಲಿಲ್ಲ. ನಿತ್ಯದ ಬದುಕನ್ನು ಮತ್ತೆ ಕಟ್ಟಿಕೊಳ್ಳುವ ದುಡಿಮೆ ಎಂದು ಓದಿದರು.

ನಯನಿಕಾ ಮುಖರ್ಜಿಯವರ ಬಾಂಗ್ಲಾದೇಶದ ಅಧ್ಯಯನ (2015) ಇನ್ನೂ ಕಣ್ಣು ತೆರೆಸುವಂಥದ್ದು. 1971ರ ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದವರನ್ನು ಹೊಸ ಸರ್ಕಾರ ‘ಬೀರಾಂಗನಾ’ (ವೀರನಾರಿ) ಎಂದು ಗೌರವಿಸಿತ್ತು. 1992ರಲ್ಲಿ ಹಳ್ಳಿಯ ಅಂಥ ಕೆಲವು ಹೆಂಗಸರನ್ನು ಢಾಕಾದಲ್ಲಿ ಯುದ್ಧಾಪರಾಧಗಳ ಬಗ್ಗೆ ಹೋರಾಟಗಾರರು ನಡೆಸಿದ ಸಾಂಕೇತಿಕ ‘ಜನತಾ ನ್ಯಾಯಾಲಯ’ಕ್ಕೆ ಕರೆತಂದರು. ಅವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಅಲ್ಲಿಯವರೆಗೆ ಊರಿಗೆ ವಿಷಯ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ; ಗಂಡ, ಮಕ್ಕಳು, ಸಂಸಾರ ನಡೆದಿತ್ತು. ಚಿತ್ರ ಬಂದ ಮೇಲೆ ಕೊಂಕು ಮಾತು ಶುರುವಾಯಿತು. ‘ಬಾಯಿಬಿಟ್ಟರೆ ಹಗುರಾಗುತ್ತದೆ’ ಎಂಬ ನಗರದ ನಂಬಿಕೆ ಎಲ್ಲೆಡೆಯೂ ಸಲ್ಲದು.

ಹಾಗೆಂದು ಮೌನವೇ ಮದ್ದಲ್ಲ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ನಮ್ಮಲ್ಲಿ 1983ರಿಂದ ಅಪರಾಧ. ಆ ರಕ್ಷಣೆ ಬೇಕು; ಆದರೆ ಮುಚ್ಚಿಡಬೇಕಾದದ್ದು ಅವಳ ಮುಖವೇ ಎಂಬ ಭಾವವನ್ನೂ ಅದು ಬಿತ್ತುತ್ತದೆ. ಅತ್ಯಾಚಾರಕ್ಕೆ ಒಳಗಾಗಿದ್ದ ಕೋಲ್ಕತ್ತಾದ ಸುಜೆಟ್ ಜೋರ್ಡನ್ 2013ರಲ್ಲಿ ತಮ್ಮ ಹೆಸರು, ಮುಖ ಎರಡನ್ನೂ ತಾವೇ ಮುಂದಿಟ್ಟು ಆ ಪರದೆ ಸರಿಸಿದರು.

ಚಿಕಿತ್ಸೆಯ ದಾರಿಗಳೂ ಬೆಳೆದಿವೆ. ಪಾಲ್ ಗಿಲ್ಬರ್ಟ್ ರೂಪಿಸಿದ, ತನ್ನ ಮೇಲೆ ತಾನೇ ಕರುಣೆ ತೋರುವುದನ್ನು ಕಲಿಸುವ ವಿಧಾನ ಅವುಗಳಲ್ಲೊಂದು. ನನಗೆ ಹೆಚ್ಚು ಮುಖ್ಯವೆನಿಸುವುದು ಸಾರಾ ಉಲ್ಮನ್ ದಶಕಗಳಿಂದ ನಡೆಸಿದ ಕೆಲಸ. ಹೇಳಿಕೊಂಡಾಗ ದೂಷಣೆ ಎದುರಾದವರಲ್ಲಿ ಆಘಾತದ ಲಕ್ಷಣಗಳು ಹೆಚ್ಚು ಎಂದು ಅದು ತೋರಿಸಿದೆ. ಜುಡಿತ್ ಹರ್ಮನ್ 2023ರ ಪುಸ್ತಕಕ್ಕಾಗಿ ಮಾತನಾಡಿಸಿದವರಲ್ಲಿ ಅನೇಕರು ಅಪರಾಧಿಯ ಶಿಕ್ಷೆಗಿಂತ ಹೆಚ್ಚಾಗಿ ಬಯಸಿದ್ದು ತಮ್ಮ ಸಮುದಾಯ ಸತ್ಯವನ್ನು ಒಪ್ಪಿಕೊಳ್ಳುವುದನ್ನು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ: ಯಾರಾದರೂ ನಂಬಿ ನಿಮ್ಮೆದುರು ಹೇಳಿಕೊಂಡರೆ ‘ಅಷ್ಟು ಹೊತ್ತಿಗೆ ಅಲ್ಲಿಗೇಕೆ ಹೋಗಿದ್ದೆ’ ಎಂದು ಕೇಳಬೇಡಿ. ಅವರಿಗೆ ನೆರವು ಬೇಕೆನಿಸಿದರೆ ಮಹಿಳಾ ಸಹಾಯವಾಣಿ 181 ಇದೆ, ‘ಟೆಲಿ ಮಾನಸ್’ 14416 ಇದೆ. ಕರೆ ಮಾಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವರಿಗೇ ಬಿಡಿ.