ಹಟ್ಟಿಯ ನಾಯಿಮರಿ

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ರಾಜಗೋಸಂಪತ್ತಿಗೆ ಮೀಸಲಾದ ಹುಲ್ಲುಗಾವಲುಗಳು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಇಂದಿಗೂ ಉಳಿದಿವೆ; ಕೃಷ್ಣಮೃಗಗಳಿಗೆ ಪ್ರಸಿದ್ಧವಾದ ಬಾಸೂರಿನ ಕಾವಲು ಅವುಗಳಲ್ಲೊಂದು. ತೋಳಗಳ ಭಯವಿದ್ದ ಇಂತಹ ಬಯಲಿನಲ್ಲಿ ಕುರಿ ಮೇಯಿಸುವವರಿಗೆ ನಾಯಿಯೇ ಇರುಳಿನ ಕಾವಲುಗಾರ.

ಮೊಲೆ ಬಿಟ್ಟ ಮರಿಯನ್ನು ಹಟ್ಟಿಗೆ ತಂದು, ಹಾಲಿನಲ್ಲಿ ಕಿವುಚಿದ ರಾಗಿಮುದ್ದೆಯನ್ನು ಹಾಕಿ, ಕುರಿಮರಿಗಳ ನಡುವೆಯೇ ಮಲಗಗೊಡುವುದು ಶಿಕ್ಷಣದ ಮೊದಲ ಪಾಠವಾಗಿತ್ತು. ಆ ವಾಸನೆಯಲ್ಲಿ ಬೆಳೆದ ಮರಿಗೆ ಮಂದೆಯೇ ಬಂಧುವರ್ಗ. ಆಟದ ಭರದಲ್ಲಿ ಅದು ಕುರಿಮರಿಯ ಕಿವಿ ಕಚ್ಚಿದೊಡನೆ ಗದರುವರು. ಮಿಕ್ಕುದನ್ನು ಅದು ಹಳೆಯ ನಾಯಿಯ ಹಿಂದೆ ಸುತ್ತಿ ಕಲಿಯುವುದು. ಹೊಡೆತಕ್ಕಿಂತ ಸಹವಾಸವನ್ನು ನಂಬಿದ ಈ ಕ್ರಮವೇ ಶ್ರೇಷ್ಠವೆಂದು ನನ್ನ ದೃಢವಾದ ಅಭಿಪ್ರಾಯ.

ನಾಯಿಯನ್ನು ಗೌರವಿಸುವುದು ಕನ್ನಡನಾಡಿಗೆ ಹೊಸತಲ್ಲ. ಕ್ರಿ.ಶ. 949–50ರ ಆತಕೂರು ಶಾಸನದಂತೆ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನಿಗೆ ಗಂಗ ದೊರೆ ಬೂತುಗನು ಬೇಕಾದುದನ್ನು ಕೇಳೆನ್ನಲು, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದಾಗ, ಮಣಲೆರನು ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿಯಿತ್ತು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಪೂಜಾರಿಯಾದ ಗೊರವನು ಉಣ್ಣಕೂಡದೆಂದು ವಿಧಿಸಿದನು. ಅರಸುಮನೆಯ ಬೇಟೆನಾಯಿಗೆ ದೊರೆತ ಈ ಶಿಲಾಲೇಖದ ಭಾಗ್ಯ ನಮ್ಮ ಹಟ್ಟಿಯ ನಾಯಿಗಳಿಗೆ ದೊರೆಯಲಿಲ್ಲವಾದರೂ, ಒಡೆಯನಿಗಿಂತ ಮೊದಲು ಅವಕ್ಕೆ ಮುದ್ದೆಯಿಡುತ್ತಿದ್ದ ಮನೆಗಳು ಈ ಸೀಮೆಯಲ್ಲಿ ವಿರಳವಾಗಿರಲಿಲ್ಲ.