ನಕಾಶೆಯ ಗೆರೆ, ಊರಿನ ಬದುಕು

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿಯ ಬಳಿ ಇರುವ ಅಂಜನಾದ್ರಿ ಬೆಟ್ಟವನ್ನು ಹತ್ತುವವರು ಹೆಚ್ಚಾಗಿ ಆಂಜನೇಯನ ದರ್ಶನಕ್ಕೆ ಬಂದವರು. 575 ಮೆಟ್ಟಿಲು ಹತ್ತಿ ದಣಿದು ನಿಂತಾಗ ಅವರಿಗೆ ಇನ್ನೊಂದು ದರ್ಶನವೂ ಆಗುತ್ತದೆ. ಕೆಳಗೆ ಬಂಡೆಗಳ ನಡುವೆ ಹರಿಯುವ ತುಂಗಭದ್ರೆ. ಈಚೆ ದಂಡೆಯಲ್ಲಿ ಭತ್ತದ ಗದ್ದೆ, ಬಾಳೆ ತೋಟ. ಆಚೆ ದಂಡೆಯಲ್ಲಿ ಹಂಪಿಯ ಗುಡಿ ಗೋಪುರಗಳು. ಕಾಲುವೆ ನೀರು ಮುಟ್ಟುವಷ್ಟು ದೂರ ಹಸಿರು, ಮುಟ್ಟದ ಕಡೆ ಬರಿ ಕಲ್ಲು. ಊರುಗಳು ಇದ್ದಲ್ಲಿ ಏಕೆ ಇವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿಬಿಡುತ್ತದೆ.

ನಕಾಶೆ ಬರೆಯುವವರು ಬಯಸುವುದೂ ಇಂಥ ನೋಟವನ್ನೇ. ಆದರೆ ನಕಾಶೆ ಬರಿಯ ನೋಟವಲ್ಲ. ಎರಡು ಶತಮಾನಗಳಿಂದ ಈ ನೆಲದ ಮೇಲೆ ಎಳೆದ ಗೆರೆಗಳು ನಮಗೆ ಬಹಳಷ್ಟನ್ನು ತಿಳಿಸಿವೆ. ಇಲ್ಲಿ ಬಾಳುವವರು ಏನು ಮಾಡಬಹುದು, ಏನು ಮಾಡಕೂಡದು ಎಂಬುದನ್ನೂ ಅವೇ ನಿರ್ಧರಿಸಿವೆ.

ಹಂಪಿಯ ಅವಶೇಷಗಳನ್ನು ಮೊದಲು ನಕಾಶೆಗೆ ಇಳಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ. ಅದು 1800ರ ಆಸುಪಾಸಿನ ಮಾತು. ಮುಂದೆ 1815ರಲ್ಲಿ ಅವನು ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಅವನ ಮೋಜಣಿ ಸರಪಳಿ ಹಿಡಿದು ನೆಲ ಅಳೆಯುವುದಕ್ಕೆ ನಿಲ್ಲಲಿಲ್ಲ. ಕಾವಲಿ ವೆಂಕಟ ಬೋರಯ್ಯನಂಥ ಸಹಾಯಕರು ಊರೂರು ತಿರುಗಿ ಶಾಸನಗಳನ್ನು ಪ್ರತಿ ಮಾಡಿದರು. ಜನರನ್ನು ಕೇಳಿ ಊರಿನ ವೃತ್ತಾಂತಗಳನ್ನು ಬರೆದುಕೊಂಡರು. ಅವೇ ಇಂದು ನಾವು ಕೈಫಿಯತ್ತುಗಳೆಂದು ಕರೆಯುವ ದಾಖಲೆಗಳು.

ಅದೇ 1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಕಂಪನಿಯ ಕೈಸೇರಿತು. ಉತ್ತರ ದಂಡೆಯ ಆನೆಗೊಂದಿ, ಹನುಮನಹಳ್ಳಿಗಳು ನಿಜಾಮನಲ್ಲೇ ಉಳಿದವು. ಒಂದೇ ರಾಜಧಾನಿಯ ನೆಲ ಎರಡು ಸರ್ಕಾರಗಳ ಎರಡು ಕಡತಗಳಿಗೆ ಹೋಯಿತು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು. ಗಂಗಾವತಿ ಒಳಗೊಂಡ ರಾಯಚೂರು ಜಿಲ್ಲೆ ಬಂದದ್ದು 1956ರಲ್ಲಿ. 1997ರಲ್ಲಿ ಕೊಪ್ಪಳ, 2021ರಲ್ಲಿ ವಿಜಯನಗರ ಜಿಲ್ಲೆಗಳಾದ ಮೇಲೂ ಹೊಳೆಯೇ ಇಲ್ಲಿ ಗಡಿ. ಹಂಪಿ ಎಂದೊಡನೆ ದಕ್ಷಿಣ ದಂಡೆ ಮಾತ್ರ ಕಣ್ಣ ಮುಂದೆ ಬರುವುದಕ್ಕೆ ಈ ಹಳೆಯ ಗಡಿಯೂ ಒಂದು ಕಾರಣ ಎನ್ನಬಹುದು.

1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಎಂಬ ವಿದ್ವಾಂಸರು ರಾಜ್ಯ ಪುರಾತತ್ವ ಇಲಾಖೆಯ ಸಹಕಾರದಿಂದ ಇಡೀ ಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ, ಕಂಡದ್ದೆಲ್ಲವನ್ನೂ ಗುರುತಿಸತೊಡಗಿದರು. ಬಿಡಿಬಿಡಿ ಗುಡಿಗಳಾಗಿ ಕಾಣುತ್ತಿದ್ದುದು ಆಗ ಒಂದು ನಗರವಾಗಿ ಕಂಡಿತು: ಹೊಳೆಯಂಚಿನಲ್ಲಿ ದೇವಾಲಯಗಳ ವಲಯ, ಅದರಾಚೆ ನೀರಾವರಿಯ ಕಣಿವೆ, ಆಮೇಲೆ ಕೋಟೆಯೊಳಗಿನ ಜನವಸತಿ, ಅರಮನೆ. ಹಜಾರರಾಮ ಗುಡಿಯ ಉತ್ತರ-ದಕ್ಷಿಣ ಗೆರೆಯನ್ನು ಚಾಚಿದರೆ ಮತಂಗ ಬೆಟ್ಟದ ತುದಿಗೆ ಹೊಂದುತ್ತದೆ ಎಂಬುದೂ ಅಳತೆಯಿಂದಲೇ ತಿಳಿಯಿತು.

ಇನ್ನೊಂದು ತಂಡ ಕೋಟೆಯ ಹೊರಗೆ ನಡೆಯಿತು. ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1987ರಿಂದ 1997ರವರೆಗೆ ಹೊಲ, ಗುಡ್ಡ, ಹಳ್ಳಗಳಲ್ಲಿ ಅಡ್ಡಾಡಿ 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು. ಅವರು ಹುಡುಕಿದ್ದು ಕೆರೆ ಏರಿ, ತೂಬು, ದಾರಿ, ಕಾವಲು ಗೋಡೆ, ಪಾಳು ಬಿದ್ದ ಊರುಗಳನ್ನು. ಕಮಲಾಪುರ ಕೆರೆಯ ಹೂಳಿನಲ್ಲಿ ಉಳಿದಿದ್ದ ಪರಾಗದ ಕಣಗಳನ್ನು ಪರೀಕ್ಷಿಸಿ ಮಾರಿಸನ್ ಆ ಕಾಲದ ಗಿಡಮರಗಳ ಸುಳಿವನ್ನೂ ಪಡೆದರು. ಇವನ್ನೆಲ್ಲ ನಕಾಶೆಯಲ್ಲಿ ಜೋಡಿಸಿದಾಗ ಒಂದು ಸಾಮಾಜಿಕ ಸತ್ಯ ಹೊರಬಿತ್ತು. ಹೊಳೆಯ ಕಾಲುವೆ ಇದ್ದವರಿಗೆ ನೀರು ಖಚಿತ. ಮಳೆಯ ಕೆರೆ ನಂಬಿದವರಿಗೆ ಪ್ರತಿ ವರ್ಷವೂ ಅದೃಷ್ಟದ ಪರೀಕ್ಷೆ. ಸಾಮ್ರಾಜ್ಯದ ವೈಭವದ ಕೆಳಗೆ ಇಂಥ ಅಂತರವಿತ್ತು. ಗುಡಿಯ ಕೆತ್ತನೆಯೊಂದನ್ನೇ ನೋಡಿದವರಿಗೆ ಇದು ಕಾಣುವುದಿಲ್ಲ. ವಿಜಯನಗರ ಅಳಿದರೂ ತುರ್ತಾ ಕಾಲುವೆ, ಆನೆಗೊಂದಿ ಕಾಲುವೆಗಳಲ್ಲಿ ನೀರು ಹರಿಯುವುದು ನಿಂತಿಲ್ಲ.

ಇಲ್ಲಿಯವರೆಗೆ ತಿಳಿಸುವ ಗೆರೆಗಳ ಕಥೆ. ಇನ್ನು ಕಟ್ಟುವ ಗೆರೆಗಳದು. ಹಂಪಿ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ತುಂಗಭದ್ರೆಗೆ ಅಡ್ಡಲಾಗಿ ತೂಗುಸೇತುವೆಗಳ ಕಾಮಗಾರಿ ನಡೆದದ್ದರಿಂದ 1999ರಲ್ಲಿ ಅಪಾಯದ ಪಟ್ಟಿಗೆ ಬಿತ್ತು; ಅಲ್ಲಿಂದ ಹೊರಬಂದದ್ದು 2006ರಲ್ಲಿ. ಈ ನಡುವೆ 2002ರ ಕಾಯ್ದೆಯಂತೆ ಪ್ರಾಧಿಕಾರ ರಚನೆಯಾಗಿ, ಎರಡೂ ದಂಡೆಗಳ 29 ಗ್ರಾಮಗಳ ಸುಮಾರು 236 ಚದರ ಕಿಲೋಮೀಟರ್ ನೆಲ ಅದರ ವ್ಯಾಪ್ತಿಗೆ ಬಂತು. ಹನುಮನಹಳ್ಳಿಯೂ ಅದರಲ್ಲಿ ಒಂದು.

ಈ ಗೆರೆ ಬೇಕಿತ್ತೇ ಎಂದರೆ, ಬೇಕಿತ್ತು. ಬಂಡೆ ಒಡೆಯುವುದನ್ನು, ಎಲ್ಲೆಂದರಲ್ಲಿ ಕಟ್ಟಡ ಏಳುವುದನ್ನು ತಡೆಯಲು ಬೇರೆ ದಾರಿ ಇರಲಿಲ್ಲ. ಆದರೆ ಅದರ ಭಾರ ಬಿದ್ದದ್ದು ಯಾರ ಮೇಲೆ? ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ ಉತ್ತರ ದಂಡೆಯವರಿಗೆ ಸೇತುವೆ ನಿತ್ಯದ ಅಗತ್ಯವಾಗಿತ್ತು. ಆನೆಗೊಂದಿಯ ಸೇತುವೆ ವರ್ಷಗಟ್ಟಲೆ ನಿಂತು, ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ ಕೆಲಸಗಾರರ ಸಮೇತ ಕುಸಿದುಬಿತ್ತು. ವಿರೂಪಾಪುರ ಗಡ್ಡೆಯಲ್ಲಿ ವಿವಾದ ನ್ಯಾಯಾಲಯ ಹತ್ತಿತು. 1988ರ ಅಧಿಸೂಚನೆ ರಕ್ಷಿಸಿದ್ದು ಸ್ಮಾರಕಗಳನ್ನು ಮಾತ್ರವೋ, ಅವು ಇರುವ ನೆಲವನ್ನೂ ಸೇರಿಸಿಯೋ ಎಂಬುದೇ ಅಲ್ಲಿ ಪ್ರಶ್ನೆ. ನೆಲವೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು; ಮುಂದಿನ ತಿಂಗಳು ಅಲ್ಲಿನ ರೆಸಾರ್ಟುಗಳು ನೆಲಸಮವಾದವು. ಕಾಗದದ ಮೇಲಿನ ಗೆರೆ ಎಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಂದು ನಕಾಶೆ ಮಾಡಲು ಸರಪಳಿ ಬೇಡ. ಉಪಗ್ರಹದ ಚಿತ್ರವಿದೆ, ಕಂಪ್ಯೂಟರಿನಲ್ಲಿ ಪದರ ಪದರವಾಗಿ ಮಾಹಿತಿ ಜೋಡಿಸುವ ವಿಧಾನವಿದೆ. ಗುಡಿ ಒಂದು ಪದರ, ಬಂಡೆ ಒಂದು ಪದರ, ಕಾಲುವೆ ಇನ್ನೊಂದು. ಆದರೆ ಯಾವ ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪುವುದಿಲ್ಲ, ದನ ಯಾವ ದಾರಿಯಲ್ಲಿ ಮೇಯಲು ಹೋಗುತ್ತವೆ, ಹೊಳೆ ತುಂಬಿದಾಗ ಮೊದಲು ಮುಳುಗುವ ಓಣಿ ಯಾವುದು, ಬೆಳೆದ ಮಗನಿಗೆ ಮನೆ ಕಟ್ಟಿಕೊಡಲು ಊರಿನಲ್ಲಿ ಜಾಗ ಎಲ್ಲಿದೆ, ಇವು ಉಪಗ್ರಹಕ್ಕೆ ಕಾಣುವುದಿಲ್ಲ. ಊರವರನ್ನು ಕೇಳಿಯೇ ತಿಳಿಯಬೇಕು. ಮೆಕೆಂಜಿಯ ಸಹಾಯಕರು ಇನ್ನೂರು ವರ್ಷಗಳ ಹಿಂದೆ ಊರ ಕಟ್ಟೆಯಲ್ಲಿ ಕುಳಿತು ಕೈಫಿಯತ್ತು ಬರೆದುಕೊಂಡರು. ಈಗಿನ ನಕಾಶೆಗೂ ಅಂಥದೊಂದು ಪದರ ಸೇರಿದರೆ, ಗೆರೆಯೊಳಗೆ ಬಾಳುವವರು ಅದನ್ನು ತಮ್ಮದೆಂದು ಒಪ್ಪಿಯಾರು.