ಗೇಟು ತೆಗೆದ್ರೆ ಓಡುವ ನಾಯಿ: ಮನೇಲಿ ಉಳಿಸಿಕೊಳ್ಳೋದು ಹೇಗೆ?

ಕುಂದಾಪುರ: ಬೀದಿಯಿಂದ ತಂದು, ಬೇರೆ ಮನೆ ಸಿಗುವ ತನಕ ಸಾಕುವ ನಾಯಿಗೆ ಮೊದಲ ಕೆಲವು ವಾರ ಇದು ತನ್ನ ಮನೆ ಅನ್ನಿಸಿರುವುದಿಲ್ಲ. ಗೇಟು ತೆಗೆದರೆ ಓಟವೇ. ಬ್ರಹ್ಮಾವರದಿಂದ ಬೈಂದೂರು ತನಕ ರಾಷ್ಟ್ರೀಯ ಹೆದ್ದಾರಿ 66 ಪಕ್ಕದಲ್ಲೇ ಇದೆ. ನಾಯಿ ಅಡ್ಡ ಬಂದರೆ ಬೈಕಿನವರಿಗೂ ಅಪಾಯ.

ಕಂಪೌಂಡ್ ಎಷ್ಟು ಎತ್ತರ ಇದ್ದರೇನು, ಗೇಟು ತೆಗೆಯುವ ಒಂದು ಕ್ಷಣ ಸಾಕು. ಹಾಗಾಗಿ ಜಗಲಿಗೆ ಇನ್ನೊಂದು ಜಾಲರಿ ಬಾಗಿಲು ಬೇಕು. ಹಾಲಿನವರು, ಗ್ಯಾಸಿನವರು ಬಂದಾಗ ಒಂದು ಹಾಕಿದ ಮೇಲೇ ಇನ್ನೊಂದು ತೆಗೆಯಬೇಕು. ಮರಳು ಮಣ್ಣಿನ ಹಿತ್ತಲಾದರೆ ಬೇಲಿ ಅಡಿ ತೋಡಿ ನುಸುಳುತ್ತದೆ, ಬುಡಕ್ಕೆ ಕೆಂಪುಕಲ್ಲು ಹೂಳಿ. ಗೋಡೆಗೆ ಒರಗಿಸಿದ ಸೌದೆ ರಾಶಿಯೂ ಅದಕ್ಕೆ ಏಣಿಯೇ.

ಸರಪಳಿ ಸುಲಭ, ಆದರೆ ಕಟ್ಟಿದ ನಾಯಿ ಗೋಡೆ ಹಾರಿದರೆ ಕುತ್ತಿಗೆಗೆ ಉರುಳು. ಸದಾ ಕಟ್ಟಿಹಾಕಿ ನಡೆದಾಡಿಸದೇ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11ರಡಿ ಅಪರಾಧವೂ ಹೌದು. ವಾಕಿಂಗಿಗೆ ಕೊರಳಪಟ್ಟಿ, ಎದೆಪಟ್ಟಿ ಎರಡಕ್ಕೂ ಹಗ್ಗ ಇರಲಿ. ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುವ ನಾಯಿಗಳಿವೆ. ಪಟ್ಟಿ ಮೇಲೆ ಮೊಬೈಲ್ ನಂಬರ್ ಬರೆಯಿರಿ.

ದೀಪಾವಳಿ, ಊರ ಹಬ್ಬದ ದಿನ ಗರ್ನಾಲು ಸದ್ದಿಗೆ ಬೆದರುತ್ತದೆ. ಕತ್ತಲಾಗುವ ಮೊದಲೇ ಒಳಕೋಣೆಗೆ ಹಾಕಿ. ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ, ಅದು ಇನ್ನೂ ಜೋರು ಓಡುತ್ತದೆ. ಕೂತು, ಮೀನಿನ ತುಂಡು ತೋರಿಸಿ ಕರೆಯಿರಿ. ಗಾಯವಾಗಿದ್ದರೆ ಪಶು ಇಲಾಖೆ ಸಹಾಯವಾಣಿ 1962.